ಪಾನಾ ಹಿಡಿದು ದಾವಣಗೆರೆಯಿಂದ ಹರಿಹರಕ್ಕೆ

ಪರದೆ ಮೇಲೆ ಹೀರೋ ಕಾರಿನ ಬಾಗಿಲು ಧಡ್ಡಂತ ಹಾಕ್ತಾನೆ, ಕೀ ತಿರುಗಿಸ್ತಾನೆ, ಧೂಳೆಬ್ಬಿಸಿಕೊಂಡು ಹೊರಟೇಬಿಡ್ತಾನೆ. ಗಾಂಧಿ ಕ್ಲಾಸಿನಲ್ಲಿ ಕೂತ ನಾವು ಶಿಳ್ಳೆ ಹೊಡೀತೀವಿ. ಆದರೆ ಓದುಗ ಮಿತ್ರರೇ, ಆ ಕಾರು ತಾನಾಗೇ ಸ್ಟಾರ್ಟ್ ಆಯಿತೋ, ಇಲ್ಲಾ ಕ್ಯಾಮೆರಾ ಕಣ್ಣಿಗೆ ಬೀಳದ ಹಾಗೆ ನಾಲ್ಕು ಜನ ಲೈಟ್ ಬಾಯ್‌ಗಳು ಹಿಂದಿನಿಂದ ತಳ್ಳಿದರೋ, ಯಾರು ಬಲ್ಲರು? ಹಳೇ ಕಾರು ಅಂದರೆ ಹಾಗೇನೇ. ನೋಡೋಕೆ ನಾಯಕಿ, ನಡೆಸೋಕೆ ಖಳನಾಯಕ!

ಶಂಕರ್‌ನಾಗ್ ನಿರ್ದೇಶಿಸಿದ 'ಮಿಂಚಿನ ಓಟ' (1980) ನೆನಪಿದೆ ತಾನೆ? ಅಣ್ಣ ಅನಂತ್‌ನಾಗ್, ತಮ್ಮ ಶಂಕರ್, ಜೊತೆಗೆ ಲೋಕನಾಥ್. ಮೂವರೂ ಕಾರು ಕಳ್ಳರು. ಆ ಸಿನಿಮಾ ನೋಡಿ ಕಾರು ಕದಿಯೋದು ಯಾರಾದರೂ ಕಲಿತರೋ ಇಲ್ಲವೋ ಕಾಣೆ. ಬಾನೆಟ್ ಎತ್ತಿ ಇಣುಕೋ ಹುಚ್ಚು ಮಾತ್ರ ನನಗೆ ಅಲ್ಲಿಂದಲೇ ಹತ್ತಿದ್ದು. ಆ ಹುಚ್ಚಿನ ಬಾಲ ಹಿಡಿದೇ ಹೋದ ತಿಂಗಳು ಹಿರಿಯೂರಿನ ಗೆಳೆಯನ ಅಂಬಾಸಿಡರ್ ಹತ್ತಿ ದಾವಣಗೆರೆ ದಾರಿ ಹಿಡಿದೆ.

ಕಾರಿನ ಜಾತಕ ಇಷ್ಟು. ಗೆಳೆಯನ ಅಪ್ಪ ಹರಿಹರದಲ್ಲಿ ಒಬ್ಬ ದೊಡ್ಡ ಇಂಜಿನಿಯರ್‌ಗೆ ಡ್ರೈವರ್ ಆಗಿದ್ದವರು. ಸಾಹೇಬರು ಊರು ಬಿಡುವಾಗ ಕಾರನ್ನು ಅಗ್ಗಕ್ಕೆ ಕೊಟ್ಟರು. 1970ರ ದಶಕದ ಗಾಡಿ. 1489 ಸಿಸಿ ಪೆಟ್ರೋಲ್ ಎಂಜಿನ್ನು, ಸ್ಟೇರಿಂಗ್ ಪಕ್ಕದಲ್ಲೇ ಗೇರು, ಎಸ್.ಯು. ಕಾರ್ಬೊರೇಟರು. ಅಪ್ಪ ಹೋದ ಮೇಲೆ ಶೆಡ್ಡಿನಲ್ಲಿ ಮಲಗಿತ್ತು. ಈಗ ಇದ್ದಕ್ಕಿದ್ದ ಹಾಗೆ ಅದಕ್ಕೆ ಶುಕ್ರದೆಸೆ: ಎಂಬತ್ತರ ದಶಕದ ಕಥೆ ಇಟ್ಟುಕೊಂಡು ಸಿನಿಮಾ ತೆಗೆಯುವ ತಂಡವೊಂದು ಆರು ದಿನದ ಬಾಡಿಗೆಗೆ ಕೇಳಿದೆ. ಶರತ್ತು ಒಂದೇ, ಕಾರು ಸ್ಟಾರ್ಟ್ ಆಗಿ ನಿಂತಲ್ಲೇ ಗುರುಗುಡುತ್ತಾ ಇರಬೇಕು. ಹೀರೋ ಹೀರೋಯಿನ್ ಒಳಗೆ ಕೂತು ನಾಲ್ಕು ನಿಮಿಷ ಮಾತಾಡೋ ಸೀನ್ ಇದೆಯಂತೆ.

ಅಲ್ಲೇ ಎಡವಟ್ಟು! ಕಾರು ಓಡ್ತಿತ್ತು. ಆದರೆ ಎಕ್ಸಲೇಟರ್ ಮೇಲಿಂದ ಕಾಲು ತೆಗೆದರೆ ಸಾಕು, ಕೆಮ್ಮಿ, ನಡುಗಿ, ಪ್ರಾಣ ಬಿಡ್ತಿತ್ತು. ಮೆಕ್ಯಾನಿಕ್‌ಗಳ ಬಾಯಲ್ಲಿ ಹೇಳೋದಾದರೆ 'ಸ್ಲೋ ನಿಲ್ತಿಲ್ಲ'.

ಇನ್ನೊಂದು ಕಡೆ ಗುಜರಿಯವನು ಬಾಗಿಲು ತಟ್ಟುತ್ತಿದ್ದ. ಮರುನೋಂದಣಿಯ ಅವಧಿ ಹತ್ತಿರ ಬಂದಿತ್ತು. ಕಾರಿಗೆ 600 ರೂಪಾಯಿ ಇದ್ದ ಆ ಶುಲ್ಕ 2022ರ ಏಪ್ರಿಲ್‌ನಲ್ಲಿ 5000 ಆಯಿತು. 20 ವರ್ಷ ದಾಟಿದ ಕಾರಿಗೆ 2025ರಲ್ಲಿ 10,000. ಹೊಗೆ ತಪಾಸಣೆ ಬೇರೆ. ಸಿನಿಮಾ ಬಾಡಿಗೆ ಬಂದರೆ ಆ ದುಡ್ಡು ಇಲ್ಲಿಗೆ. ಬರದೇ ಹೋದರೆ ಅಪ್ಪನ ಕಾರು ತೂಕಕ್ಕೆ. 'ಅಮ್ಮನಿಗೆ ಏನಂತ ಹೇಳಲಿ ಮಾರಾಯ?' ಅಂತ ಗೆಳೆಯ ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ದಾವಣಗೆರೆಯಲ್ಲಿ ಒಬ್ಬ ಹಳೇ ಮೇಸ್ತ್ರಿ ಇದ್ದಾರೆ ಅನ್ನೋದು ಮಾತ್ರ ಗೊತ್ತಿತ್ತು.

ಹಿರಿಯೂರು ಬಿಟ್ಟು ಚಿತ್ರದುರ್ಗ. ಕೋಟೆ ಕಂಡ ಕೂಡಲೇ ನಮ್ಮಂಥ ಸಿನಿಮಾ ಹುಚ್ಚರಿಗೆ ಓಬವ್ವನ ಜೊತೆಗೇ ಪುಟ್ಟಣ್ಣನವರ 'ನಾಗರಹಾವು' (1972) ನೆನಪಾಗಬೇಕು, ಆಯಿತು. ಮುಂದೆ ದಾವಣಗೆರೆಗೆ ಸ್ವಲ್ಪ ಮೊದಲು ಆನಗೋಡು. ಗೆಳೆಯ ಕಾರಿನ ವೇಗ ತಗ್ಗಿಸಿದ. 1990ರ ಸೆಪ್ಟೆಂಬರ್ 30ರಂದು ಶಂಕರ್‌ನಾಗ್ ನಮ್ಮನ್ನು ಬಿಟ್ಟು ಹೋದದ್ದು ಇಲ್ಲಿನ ಅಪಘಾತದಲ್ಲಿ. ವಯಸ್ಸು ಇನ್ನೂ 35. ಆಗ ಈ ರಸ್ತೆ ಇಷ್ಟು ಅಗಲ ಇರಲಿಲ್ಲ. ಈಗ ಲಾರಿಗಳು ಬುರ್ ಅಂತ ಹೋಗ್ತಾವೆ. ಇಬ್ಬರೂ ಸ್ವಲ್ಪ ದೂರ ಮಾತಾಡಲಿಲ್ಲ.

ದಾವಣಗೆರೆ ಅಂದರೆ ನಮ್ಮಪ್ಪನ ಕಾಲದವರಿಗೆ ಹತ್ತಿ ಗಿರಣಿ. 'ಕರ್ನಾಟಕದ ಮ್ಯಾಂಚೆಸ್ಟರ್' ಅಂತ ಬಿರುದು ಹೊತ್ತ ಊರು. ಸೈರನ್ ಕೂಗಿದರೆ ಊರಿಗೆ ಊರೇ ಎದ್ದು ಕೂರುತ್ತಿತ್ತಂತೆ. ಆ ಗಿರಣಿಗಳ ಸದ್ದು ಅಡಗಿತು; 1997ರ ಆಗಸ್ಟ್ 15ಕ್ಕೆ ಊರು ಜಿಲ್ಲಾ ಕೇಂದ್ರವಾಯಿತು; ಕಾಲೇಜುಗಳು ತುಂಬಿದವು. ಬದಲಾಗದೆ ಉಳಿದದ್ದು ಬೆಣ್ಣೆ ದೋಸೆ. ಸೌದೆ ಒಲೆಯ ಹಂಚು, ಮೇಲೊಂದು ಬೆಣ್ಣೆ ಮುದ್ದೆ, ಪಕ್ಕದಲ್ಲಿ ಆಲೂಗಡ್ಡೆ ಪಲ್ಯ, ಬಿಳಿ ಕಾಯಿ ಚಟ್ನಿ. ಎರಡು ತಿಂದು ಮೂರನೆಯದಕ್ಕೆ ಕೈ ಚಾಚಿದೆವು. ಸಂಜೆಯಾದರೆ ಖಾರದ ನರ್ಗೀಸ್ ಮಂಡಕ್ಕಿ, ಜೊತೆಗೆ ಮೆಣಸಿನಕಾಯಿ. ಮಂಡಕ್ಕಿಗೂ ತಾರೆಯ ಹೆಸರಿರುವ ಊರಿನಲ್ಲಿ ಸಿನಿಮಾ ಪತ್ರಿಕೆ ಮಾರಾಟ ಆಗದೇ ಇರುತ್ತದೆಯೇ!

ಮೇಸ್ತ್ರಿಯ ಗ್ಯಾರೇಜು ಅಂದರೆ ಒಂದು ಬೇವಿನ ಮರ, ನಾಲ್ಕು ತಗಡು. ಎಲ್ಲರೂ ಅವರನ್ನು ಕರೆಯೋದು ಚಾಚಾ ಅಂತ. ಎಪ್ಪತ್ತು ದಾಟಿದ ಜೀವ. ಗೆಳೆಯ ಬಾನೆಟ್ ಎತ್ತಿದ. ಅವರು ಪಾನಾ ಮುಟ್ಟಲಿಲ್ಲ. ಕಿವಿ ಬಾಗಿಸಿ ನಿಂತರು.

'ಯಾರು ಯಾರಿಗೆ ತೋರ್ಸಿದೀ ತಮ್ಮಾ?'

'ಮೂರು ಕಡೆ ತೋರ್ಸಿದೆ ಚಾಚಾ. ಜೆಟ್ಟು ಹೋಗೇತಿ ಅಂತ ಒಬ್ರು, ಪ್ಲಗ್ಗು ಅಂತ ಇನ್ನೊಬ್ರು. ಇನ್ನೊಂದು ಕಡೆ ಕಾರ್ಬೊರೇಟರ್ ಬಿಚ್ಚಿ ಗಟ್ಟಿಯಾಗಿ ಟೈಟ್ ಮಾಡಿ ಕೊಟ್ರು.'

'ಗಟ್ಟಿಯಾಗಿ!' ಚಾಚಾ ನಕ್ಕರು. 'ಅದೇ ರೋಗ.'

ಎಣ್ಣೆ ಕ್ಯಾನು ತಂದು, ಎಂಜಿನ್ ನಡುಗುತ್ತಿರುವಾಗಲೇ, ಕಾರ್ಬೊರೇಟರ್ ಮ್ಯಾನಿಫೋಲ್ಡಿಗೆ ಕೂಡುವ ಸಂದಿಗೆ ನಾಲ್ಕು ಹನಿ ಎಂಜಿನ್ ಆಯಿಲ್ ಬಿಟ್ಟರು. ಏನಾಶ್ಚರ್ಯ! ನಡುಕ ನಿಂತಿತು, ಎಂಜಿನ್ ಸಮವಾಗಿ ಗುರುಗುಟ್ಟಿತು. ಅರ್ಧ ನಿಮಿಷ ಅಷ್ಟೇ. ಎಣ್ಣೆ ಒಳಗೆ ಹೀರಿಹೋದ ಮೇಲೆ ಮತ್ತೆ ಅದೇ ಕೆಮ್ಮು. 'ಗಾಳಿ ಕುಡೀತೈತಿ ನೋಡು. ಬಾಯಿಂದ ಕುಡೀಬೇಕಾದ ಗಾಳಿ ಪಕ್ಕೆಯಿಂದ ಕುಡೀತೈತಿ.'

ಕಾರ್ಬೊರೇಟರಿನ ಕೆಲಸ ಏನು ಅಂತ ಇಲ್ಲಿ ಎರಡು ಮಾತು. ಈಗಿನ ಕಾರುಗಳಲ್ಲಿ ಪೆಟ್ರೋಲನ್ನು ಅಳೆದು ಸಿಂಪಡಿಸೋದು ಕಂಪ್ಯೂಟರು. ಹಳೇ ಗಾಡಿಯಲ್ಲಿ ಆ ಲೆಕ್ಕ ಮಾಡೋದು ಈ ಲೋಹದ ಪೆಟ್ಟಿಗೆ. ಎಂಜಿನ್ ಎಳೆದುಕೊಳ್ಳುವ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಬೆರೆಸಿ ಕಳಿಸಬೇಕು. ತೂಕದಲ್ಲಿ 1 ಪಾಲು ಪೆಟ್ರೋಲಿಗೆ ಸುಮಾರು 15 ಪಾಲು ಗಾಳಿ. ಸಂದಿಯಿಂದ ಕಳ್ಳಗಾಳಿ ಒಳಗೆ ನುಗ್ಗಿದರೆ ಲೆಕ್ಕ ತಪ್ಪಿತು. ಜೋರಾಗಿ ಓಡುವಾಗ ಗಾಳಿಯ ರಾಶಿಯಲ್ಲಿ ಅದು ಗೊತ್ತಾಗೋದಿಲ್ಲ. ಸ್ಲೋದಲ್ಲಿ ಎಂಜಿನ್ ಉಸಿರಾಡೋದೇ ಸ್ವಲ್ಪ. ಆಗ ಅಷ್ಟು ಕಳ್ಳಗಾಳಿಯೇ ಉಸಿರುಗಟ್ಟಿಸುತ್ತದೆ. ಅದಕ್ಕೆ ನಮ್ಮ ಕಾರು ರಸ್ತೆಯಲ್ಲಿ ರಾಜ, ಸಿಗ್ನಲ್ಲಿನಲ್ಲಿ ರೋಗಿ.

ಬಿಚ್ಚಿದರು. ಅದನ್ನು ಹಿಡಿದಿರೋದು ಎರಡೇ ಸ್ಟಡ್ಡು, ಎರಡೇ ನಟ್ಟು. ಕಾರ್ಬೊರೇಟರಿನ ಬೇಸನ್ನು ಚಾಚಾ ಒಂದು ದಪ್ಪ ಗಾಜಿನ ಮೇಲೆ ಇಟ್ಟು, ಎದುರು ಬೆಳಕಿಗೆ ಹಿಡಿದು, 'ಬಗ್ಗಿ ನೋಡು' ಅಂದರು. ನೋಡಿದೆ. ನಟ್ಟು ಕೂರುವ ಎರಡು ಕಿವಿಗಳು ಗಾಜನ್ನು ಮುಟ್ಟಿವೆ. ನಡುವೆ ಬೆಳಕಿನ ಸಣ್ಣ ಗೆರೆ! ಯಾರೋ ಪುಣ್ಯಾತ್ಮ ಪಾನಾಕ್ಕೆ ಪೈಪು ಸಿಕ್ಕಿಸಿ ಬಿಗಿದಿದ್ದಾನೆ. ಕೆಳಗೆ ಮೆತ್ತಗಿನ ಪ್ಯಾಕಿಂಗು, ಎರಡು ತುದಿಗೆ ಬಲ. ಬೇಸು ಬಿಲ್ಲಿನ ಹಾಗೆ ಬಾಗಿದೆ. ಬಿಗಿದಷ್ಟೂ ನಡುವೆ ಬಾಯಿ ಬಿಡ್ತದೆ. ಬಾಯಿ ಬಿಟ್ಟಿದ್ದಕ್ಕೆ ಇನ್ನಷ್ಟು ಬಿಗೀತಾರೆ.

'ಇದನ್ನ ಗಾಜಿನ ಮೇಲೆ ಎಮರಿ ಪೇಪರ್ ಹಾಕಿ ನಾನೂ ಉಜ್ಜಬಲ್ಲೆ. ಆದರೆ ಇಷ್ಟು ಬಾಗಿದ್ದಕ್ಕೆ ಹರಿಹರಕ್ಕೆ ಹೋಗ್ರಿ. ಅಲ್ಲಿ ನನ್ನ ದೋಸ್ತ್ ಅದಾನೆ. ಕಿರ್ಲೋಸ್ಕರ್ ಕೈ ಅದು.'

ಪೆಟ್ರೋಲ್ ಪೂರ್ತಿ ಬಸಿದು, ತೊಳೆದು, ಹಳೇ ಲುಂಗಿಯಲ್ಲಿ ಸುತ್ತಿ ಕೈಚೀಲಕ್ಕೆ ಹಾಕಿಕೊಟ್ಟರು. ಬಸ್ಸಿನಲ್ಲಿ ಪಕ್ಕದ ಅಜ್ಜಿ ಮೂಗು ಮುಚ್ಚಿಕೊಂಡು, 'ಏನಪ್ಪಾ ಅದು, ಸೀಮೆಎಣ್ಣಿ ಸ್ಟೋವಾ?' ಅಂತ ಕೇಳಿದರು. ಗೆಳೆಯ ಗಂಭೀರವಾಗಿ, 'ಕಾರಿನ ಹೃದಯ ಅಜ್ಜಿ, ಆಪರೇಷನ್ನಿಗೆ ಒಯ್ತಿದೀವಿ' ಅಂದ. ಡೈಲಾಗ್ ರೈಟರ್ ಆಗಬೇಕಿತ್ತು ಅವನು.

14 ಕಿಲೋಮೀಟರ್ ದಾರಿ. ದಾವಣಗೆರೆ ಮುಗೀತು ಅನ್ನುವಷ್ಟರಲ್ಲಿ ಹರಿಹರ ಶುರು. ಅವಳಿ ಊರು ಅನ್ನೋದು ಸುಮ್ಮನೆ ಅಲ್ಲ. ಹರಿಹರದಲ್ಲಿ ತುಂಗಭದ್ರೆ ಇದ್ದಾಳೆ, ಹರಿಹರೇಶ್ವರ ಇದ್ದಾನೆ. ಹೊಯ್ಸಳ ಎರಡನೇ ನರಸಿಂಹನ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಗುಡಿ. ಒಂದೇ ಮೂರ್ತಿ, ಅರ್ಧ ಹರಿ, ಅರ್ಧ ಹರ. ಮುಂದಿನ ಮಂಟಪದ ಕಂಬಗಳನ್ನು ನೋಡಬೇಕು ನೀವು. ಕಲ್ಲನ್ನು ಚರಕಿಗೆ ಕೊಟ್ಟು ತಿರುವಿದ ಹಾಗೆ ದುಂಡಗೆ, ನುಣ್ಣಗೆ. ಬಗ್ಗಿದರೆ ಮುಖ ಕಾಣುತ್ತದೆ. ಏಳುನೂರು ವರ್ಷದ ಮೇಲೆ ಅದೇ ಊರಿಗೆ ಲೇತ್ ಮಷೀನಿನ ಕಾರ್ಖಾನೆ ಬಂತು!

ಹೌದು, ಮೈಸೂರು ಕಿರ್ಲೋಸ್ಕರ್. 1941ರಲ್ಲಿ ಶುರುವಾದ ಕಂಪನಿ. ಐಟಿಐ ಓದಿದ ಗೆಳೆಯರು ಯಾರಾದರೂ ಇದನ್ನು ಓದ್ತಿದ್ದರೆ 'ಎಂಟರ್‌ಪ್ರೈಸ್' ಲೇತು ಮುಟ್ಟಿರ್ತೀರಿ. ಅದು ಇಲ್ಲಿಯ ಮಗು. ದೇಶದ ಎಷ್ಟೋ ವರ್ಕ್‌ಶಾಪುಗಳಲ್ಲಿ ಹರಿಹರದ ಹೆಸರು ತಿರುಗುತ್ತಿದ್ದದ್ದು ಹೀಗೆ. ಹೊಸ ಶತಮಾನದ ಹೊಸ್ತಿಲಲ್ಲಿ ಕಂಪನಿ ಮುಚ್ಚಿತು. ಹೊಳೆಯಾಚೆ ಕುಮಾರಪಟ್ಟಣದಲ್ಲಿ ಪಾಲಿಫೈಬರ್ಸ್ ಇದೆ, ಆದರೆ ಲೇತಿನವರ ಕೈಕೆಲಸಕ್ಕೆ ಅಲ್ಲೇನು ಜಾಗ? ಎಷ್ಟೋ ಜನ ಊರು ಬಿಟ್ಟರು. ಕೆಲವರು ಮನೆ ಪಡಸಾಲೆಯಲ್ಲೇ ಚಿಕ್ಕ ಅಂಗಡಿ ಇಟ್ಟರು.

ಚಾಚಾನ ದೋಸ್ತು ಅಂಥವರಲ್ಲೊಬ್ಬರು. 'ಬರ್ರಿ, ಕೂಡ್ರಿ' ಅಂತ ಚಾಪೆ ಹಾಸಿದರು. ಅವರು ಅಲ್ಲಿ ಮಾಡುತ್ತಿದ್ದದ್ದು ಸ್ಕ್ರೇಪಿಂಗ್. ಲೇತಿನ ಬೆಡ್ಡು ಮಷೀನಿನಲ್ಲಿ ಎಷ್ಟೇ ನುಣುಪಾಗಿ ಬಂದರೂ ಕೊನೆಯ ಸಮ ಕೈಯಿಂದಲೇ ಬರಬೇಕಂತೆ. ಸರ್ಫೇಸ್ ಪ್ಲೇಟಿಗೆ ನೀಲಿ ಬಣ್ಣ ತೆಳ್ಳಗೆ ಸವರಿ, ಅದರ ಮೇಲೆ ವಸ್ತುವನ್ನು ಮೆಲ್ಲಗೆ ಉಜ್ಜಬೇಕು. ಎಲ್ಲಿ ನೀಲಿ ಹತ್ತಿತೋ ಅದು ಉಬ್ಬು. ಆ ಉಬ್ಬನ್ನಷ್ಟೇ ಸ್ಕ್ರೇಪರಿನಿಂದ ಕೆರೆಯಬೇಕು. ಮತ್ತೆ ನೀಲಿ, ಮತ್ತೆ ಕೆರೆತ. ನೀಲಿ ಚುಕ್ಕೆ ಇಡೀ ಮುಖದ ತುಂಬಾ ಒಂದೇ ಸಮ ಬೀಳುವವರೆಗೆ.

ನಮ್ಮ ಕಾರ್ಬೊರೇಟರಿನ ಬೇಸಿಗೆ ಮೊದಲ ಸಲ ನೀಲಿ ಬಿದ್ದದ್ದು ಎರಡು ಕಿವಿಗೆ ಮಾತ್ರ. ತೂತಿಗೆ ಬಟ್ಟೆ ತುರುಕಿದರು, ಚೂರು ಒಳಗೆ ಬೀಳಬಾರದು. ಆಮೇಲೆ ಮಾತಿಲ್ಲ. ಕರಕ್... ಕರಕ್... ಹೆಂಡತಿ ಚಹಾ ತಂದಿಟ್ಟರು, ಆರಿತು, ಇನ್ನೊಂದು ತಂದರು. ಒಂದೂವರೆ ತಾಸಿನ ಮೇಲೆ ಬೇಸಿನ ತುಂಬಾ ನೀಲಿ ಚುಕ್ಕೆ, ಸಿಡುಬು ಎದ್ದ ಹಾಗೆ. ಸೀಮೆಎಣ್ಣೆಯಲ್ಲಿ ತೊಳೆದು, ಥ್ರಾಟಲಿನ ಸ್ಪಿಂಡಲ್ ಹಿಡಿದು ಅತ್ತಿತ್ತ ಅಲ್ಲಾಡಿಸಿ ನೋಡಿದರು. 'ಇಲ್ಲಿ ಆಟ ಇದ್ರೂ ಗಾಳಿ ಒಳಗ ಹೋಗ್ತದ. ನಿಮ್ದು ಪರವಾಗಿಲ್ಲ.' ಎಷ್ಟು ಕೊಡಬೇಕು ಅಂದರೆ 'ಕಾರು ಸಿನಿಮಾದಾಗ ಬಂದಾಗ ಹೇಳ್ರಿ, ಟಿಕೆಟ್ ನಾನೇ ತಗೋತೀನಿ' ಅಂದರು. ಗೆಳೆಯ ಬಲವಂತ ಮಾಡಿ 300 ರೂಪಾಯಿ ಚಾಪೆ ಕೆಳಗೆ ಇಟ್ಟು ಬಂದ.

ಸಂಜೆ ಮತ್ತೆ ದಾವಣಗೆರೆ. ಇಲ್ಲಿಂದ ಮುಂದೆ ಗಮನ ಇಟ್ಟು ಓದಿ; ನಿಮ್ಮ ಮಾವನ ಮನೆ ಅಂಗಳದಲ್ಲೂ ಒಂದು ಅಂಬಾಸಿಡರೋ ಫಿಯೆಟ್ಟೋ ಇರಬಹುದು.

ಚಾಚಾ ಮೊದಲು ಬ್ಯಾಟರಿ ವೈರ್ ತೆಗೆದರು. ಬೀಡಿ ಹಚ್ಚಿಕೊಂಡು ಬಂದ ಹುಡುಗನನ್ನು ಬೇವಿನ ಮರದ ಆಚೆಗೆ ಅಟ್ಟಿದರು. ಮ್ಯಾನಿಫೋಲ್ಡಿನ ಬಾಯಿಗೆ ಬಟ್ಟೆ ತುರುಕಿ, ಅಂಟಿಕೊಂಡ ಹಳೇ ಪ್ಯಾಕಿಂಗನ್ನು ಕೆರೆದು ತೆಗೆದರು. ಸ್ಟಡ್ಡಿನ ಮರೆ ತಂತಿ ಬ್ರಷ್ಷಿನಲ್ಲಿ ಉಜ್ಜಿ, ನಟ್ಟನ್ನು ಬರಿಗೈಯಲ್ಲಿ ಕೊನೆವರೆಗೆ ತಿರುಗಿಸಿ ನೋಡಿದರು. 'ಬರಿಗೈಯಲ್ಲಿ ಓಡದ ನಟ್ಟು ಪಾನಾಕ್ಕೆ ಸುಳ್ಳು ಹೇಳ್ತದೆ' ಅಂದರು. ನಿಜವೇ. ಮರೆ ಹಿಡಿದಿದ್ದರೆ ಪಾನಾ ಬಿಗಿ ಅನ್ನಿಸುತ್ತದೆ, ಬೇಸು ಮಾತ್ರ ಸಡಿಲವೇ ಇರುತ್ತದೆ.

ಆಮೇಲೆ ಜೋಡಣೆ. ಪ್ಯಾಕಿಂಗು, ಅದರ ಮೇಲೆ ಶಾಖ ತಡೆಯುವ ದಪ್ಪ ಬೇಕಲೈಟ್ ತುಂಡು, ಮತ್ತೆ ಪ್ಯಾಕಿಂಗು, ಶಾಖ ತಡೆಯುವ ತಗಡು, ಮತ್ತೊಂದು ಪ್ಯಾಕಿಂಗು, ಆಮೇಲೆ ಕಾರ್ಬೊರೇಟರ್. ಪ್ಯಾಕಿಂಗು ಎಲ್ಲಾ ಹೊಸತು. 'ಸ್ವಲ್ಪ ಗಮ್ ಹಚ್ಚೋಣವಾ ಚಾಚಾ?' ಅಂದೆ. ಮುಖ ಸಿಂಡರಿಸಿದರು. ಪೆಟ್ರೋಲಿಗೆ ಗಮ್ ಕರಗುತ್ತದೆ, ಕರಗಿದ ಚೂರು ಒಳಗೆ ಹೋಗುತ್ತದೆ. ಮುಖ ಸಮ ಇದ್ದರೆ ಒಣ ಪ್ಯಾಕಿಂಗೇ ಸಾಕು. ಬೇಕಲೈಟ್ ತುಂಡನ್ನೂ ಗಾಜಿನ ಮೇಲಿಟ್ಟು ನೋಡಿದರು ಅನ್ನೋದನ್ನ ಹೇಳೋಕೆ ಮರೆತಿದ್ದೆ. ಅದೂ ಸೊಟ್ಟ ಆಗ್ತದಂತೆ, ಬಿರುಕೂ ಬಿಡ್ತದಂತೆ.

ಸ್ಪ್ರಿಂಗ್ ವಾಷರ್ ಹಾಕಿ ಎರಡೂ ನಟ್ಟನ್ನು ಬೆರಳಲ್ಲೇ ಕೂರಿಸಿದರು. ಪಾನಾ ಅರ್ಧ ಇಂಚಿನದು. ಇಂಗ್ಲಿಷ್ ಅಳತೆಯ ಗಾಡಿಗೆ 13 ನಂಬರ್ ಪಾನಾ ಹಾಕಿದರೆ ಕೂರುತ್ತದೆ, ಆದರೆ ಕೂದಲೆಳೆ ಸಡಿಲ. ಒಂದು ದಿನ ನಟ್ಟಿನ ಮೂಲೆ ಸವೆದು ದುಂಡಗಾಗುತ್ತದೆ. ಈ ಎರಡು ನಟ್ಟಿನಲ್ಲಿ ಒಂದು ಕೈಗೆ ಸುಲಭ, ಇನ್ನೊಂದು ಮೂಲೆಯಲ್ಲಿ ಅಡಗಿದ ಖಳನಾಯಕ. ಎಲ್ಲರೂ ಮಾಡೋದೇನು? ಸುಲಭದ್ದನ್ನು ಪೂರ್ತಿ ಬಿಗಿದು ಆಮೇಲೆ ಕಷ್ಟದ್ದಕ್ಕೆ ಹೋಗ್ತಾರೆ. ಅಲ್ಲಿಗೆ ಬೇಸು ಒಂದು ಕಡೆ ವಾಲಿತು. ಚಾಚಾ ಮೊದಲು ಕಷ್ಟದ ನಟ್ಟಿಗೆ ಕಾಲು ಸುತ್ತು, ಸುಲಭದ್ದಕ್ಕೆ ಕಾಲು ಸುತ್ತು, ಮತ್ತೆ ಅದಕ್ಕೆ, ಮತ್ತೆ ಇದಕ್ಕೆ, ಹೀಗೆ ಸರದಿಯ ಮೇಲೆ ಎಳೆದರು. ಸ್ಪ್ರಿಂಗ್ ವಾಷರ್ ಚಪ್ಪಟೆಯಾದ ಮೇಲೆ ಮಣಿಕಟ್ಟಿನ ಬಲದಲ್ಲಿ ಇನ್ನೊಂದು ಚೂರು. ಅಷ್ಟೇ! ಪಾನಾವನ್ನು ತುದಿಯಲ್ಲಿ ಹಿಡಿಯಲೇ ಇಲ್ಲ, ನಡುವೆ ಹಿಡಿದಿದ್ದರು. 'ಭುಜದ ಬಲ ಚಕ್ರದ ನಟ್ಟಿಗೆ ತಮ್ಮಾ. ಇದಕ್ಕೆ ಮಣಿಕಟ್ಟು.'

ಸ್ಟಾರ್ಟ್ ಮಾಡುವ ಮೊದಲು ಇನ್ನೊಂದು ಕೆಲಸ, ಇದನ್ನು ಯಾರೂ ಮರೆಯಬಾರದು. ಗೆಳೆಯನನ್ನು ಒಳಗೆ ಕೂರಿಸಿ ಎಕ್ಸಲೇಟರ್ ಪೂರ್ತಿ ಒತ್ತಿಸಿ ಬಿಡಿಸಿದರು. ಥ್ರಾಟಲ್ ಟಕ್ಕಂತ ಮುಚ್ಚಿಕೊಳ್ಳಬೇಕು. ಸಿಕ್ಕಿಹಾಕಿಕೊಂಡರೆ ಕಾಲು ತೆಗೆದರೂ ಕಾರು ನಿಲ್ಲೋದಿಲ್ಲ. ಚೋಕ್ ವೈರಿಗೂ ಹಾಗೇ. ಮೇಲಿನ ಡ್ಯಾಷ್‌ಪಾಟಿನ ಪಿಸ್ಟನ್ನನ್ನು ಬೆರಳಲ್ಲಿ ಎತ್ತಿ ಬಿಟ್ಟರು; ಕೆಳಗೆ ಬಿದ್ದು ಲೋಹದ ಸದ್ದು ಬಂತು. ಸದ್ದು ಬಂದರೆ ಸೂಜಿ ಜೆಟ್ಟಿನ ನಟ್ಟನಡುವೆ ಇದೆ ಅಂತ. ಅದರೊಳಗೆ ತೆಳ್ಳಗಿನ ಎಂಜಿನ್ ಆಯಿಲ್ ಹಾಕಿ ಮುಚ್ಚಿದರು.

ಪೆಟ್ರೋಲ್ ಪೈಪಿನ ಹಳೇ ರಬ್ಬರನ್ನು ಕತ್ತರಿಸಿ ಎಸೆದರು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20 ಎಥೆನಾಲ್. ಹಳೇ ರಬ್ಬರು, ಬೆಂಡಿನ ಪ್ಯಾಕಿಂಗು ಅದಕ್ಕೆ ತಡೆಯೋದಿಲ್ಲ, ಉಬ್ಬುತ್ತದೆ, ಬಿರಿಯುತ್ತದೆ. ಜೆಟ್ಟಿನ ಕೆಳಗಿನ ಆರು ಮುಖದ ನಟ್ಟನ್ನು ಎರಡು ಪೂರ್ತಿ ಸುತ್ತು ಇಳಿಸಿ ಶುರು ಮಾಡಿದ ಚಾಚಾ, ಎಥೆನಾಲಿನ ಲೆಕ್ಕಕ್ಕೆ ಅಂತ ಇನ್ನೊಂದು ಮುಖ ಇಳಿಸಿದರು. ಎಂಜಿನ್ ಬಿಸಿಯಾದ ಮೇಲೆ ಪಿಸ್ಟನ್ನನ್ನು ಕೂದಲೆಳೆಯಷ್ಟು ಎತ್ತಿ ಕಿವಿಗೊಟ್ಟರು. ಎತ್ತಿದಾಗ ಎಂಜಿನ್ ಏರಿ ಏರೇ ಇದ್ದರೆ ಪೆಟ್ರೋಲ್ ಜಾಸ್ತಿ. ಸಾಯಲು ಹೋದರೆ ಕಮ್ಮಿ. ಒಂದು ಕ್ಷಣ ಚೂರು ಏರಿ ಮತ್ತೆ ಮೊದಲಿನಂತಾದರೆ ಸರಿ. ನಮ್ಮದು ಮೂರನೇ ಸಲಕ್ಕೆ ಸರಿಹೋಯಿತು. ಗೆಳೆಯ ಹರಿಹರೇಶ್ವರನ ಹೆಸರು ಹೇಳಿ ಕೈಮುಗಿದ. 'ಅಲ್ಲಿ ಅರ್ಧ ಅರ್ಧ ನಡೀತದೆ ತಮ್ಮಾ' ಅಂತ ಚಾಚಾ ಕಣ್ಣು ಮಿಟುಕಿಸಿದರು. 'ಇಲ್ಲಿ ಒಂದಕ್ಕೆ ಹದಿನೈದೇ.'

ಎಣ್ಣೆ ಕ್ಯಾನು ಮತ್ತೆ ಬಂತು. ಸಂದಿಗೆ ನಾಲ್ಕು ಹನಿ. ಎಂಜಿನ್ನಿನ ಸದ್ದು ಬದಲಾಗಲಿಲ್ಲ.

ಪರೀಕ್ಷೆಗೆ ಊರೊಳಗೆ ಒಂದು ಸುತ್ತು. ಅಶೋಕ ಟಾಕೀಸಿನ ಹತ್ತಿರದ ರೈಲ್ವೆ ಗೇಟು ಅಂದರೆ ಹಿಂದೆ ದಾವಣಗೆರೆಯವರು ಹಲ್ಲು ಕಡಿಯುತ್ತಿದ್ದರು. ಗೇಟ್ ಬಿದ್ದರೆ ಟೈಟಲ್ ಕಾರ್ಡು ತಪ್ಪಿತು ಅಂತಲೇ ಲೆಕ್ಕ. ಗೆಳೆಯನ ಅಪ್ಪ ಕಾರು ನಿಲ್ಲಿಸಿಕೊಂಡು ಅಲ್ಲಿ ಎಷ್ಟು ಸಂಜೆ ಕಳೆದಿದ್ದರೋ. ನಾವು ಆ ಕಡೆ ಒಂದು ಬದಿಗೆ ನಿಲ್ಲಿಸಿ, ಗೇರ್ ತೆಗೆದು, ಗಡಿಯಾರ ನೋಡುತ್ತಾ ಕೂತೆವು. ಒಂದು ನಿಮಿಷ, ಎರಡು, ನಾಲ್ಕು, ಏಳು. ಡ್ಯಾಷ್ ಬೋರ್ಡಿನ ಮೇಲೆ ಇಟ್ಟ ನಾಣ್ಯ ಅಲ್ಲಾಡಲಿಲ್ಲ. ಗೆಳೆಯ ಏನೂ ಮಾತಾಡದೆ ಸ್ಟೇರಿಂಗ್ ಸವರುತ್ತಿದ್ದ.

ಮರುದಿನ ಬೆಳಿಗ್ಗೆ ಹೊಗೆ ತಪಾಸಣೆ. ಈ ವಯಸ್ಸಿನ ಕಾರಿಗೆ ಸ್ಲೋದಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇಕಡಾ 3 ಮೀರಬಾರದು. ಮೊದಲೆಲ್ಲಾ ಕಳ್ಳಗಾಳಿಯನ್ನು ಸರಿದೂಗಿಸಲು ಪೆಟ್ರೋಲ್ ಏರಿಸಿ ಏರಿಸಿ ಫೇಲ್ ಆಗುತ್ತಿದ್ದ ಗಾಡಿ ಈ ಸಲ ಒಂದೇ ಟೇಕಿಗೆ ಓಕೆ! ಚೀಟಿಯ ಫೋಟೋ ಸಿನಿಮಾ ಮ್ಯಾನೇಜರ್‌ಗೆ ಹೋಯಿತು, ಸ್ಲೋದಲ್ಲಿ ನಿಂತ ಕಾರಿನ ವಿಡಿಯೋನೂ ಹೋಯಿತು. ಅಡ್ವಾನ್ಸ್ ಮಧ್ಯಾಹ್ನವೇ ಬಂತು.

ಚಾಚಾ ಹೊರಡುವಾಗ ಒಂದು ಹೇಳಿದ್ದರು. ಹೊಸ ಪ್ಯಾಕಿಂಗು ಬಿಸಿಗೆ ಕೂರುತ್ತದೆ. ನೂರು ಕಿಲೋಮೀಟರ್ ಓಡಿದ ಮೇಲೆ ಎಂಜಿನ್ ಪೂರ್ತಿ ತಣ್ಣಗಾಗಲು ಬಿಟ್ಟು ಇನ್ನೊಂದು ಸಲ ಪಾನಾ ಹಾಕಿ ನೋಡಿ, ಬಿಸಿಯಲ್ಲಿ ಮಾತ್ರ ಬೇಡ. ಹಿರಿಯೂರು ಮುಟ್ಟಿ, ರಾತ್ರಿ ಕಳೆದು, ಬೆಳಿಗ್ಗೆ ಅವನ ಅಮ್ಮ ಕೊಟ್ಟ ಕಾಫಿ ಕುಡಿದು ಬಾನೆಟ್ ಎತ್ತಿದೆವು. ಮೂಲೆಯ ನಟ್ಟು ಅರ್ಧಪಾವು ಸುತ್ತು ಹೋಯಿತು. ಇನ್ನೊಂದು ಅಲ್ಲಾಡಲಿಲ್ಲ. ಅಮ್ಮ ಬಾಗಿಲಲ್ಲೇ ನಿಂತು, 'ಇನ್ನೂ ಏನೋ ಬಿಚ್ತೀರಲ್ಲೋ, ಸಾಕು ಮುಚ್ರೋ!' ಅಂದರು.